ಹದಿನಾಲ್ಕನೇ ತಲೆ, ಐದು ಮೀನು ಮತ್ತು ನನ್ನ ಜಡೆ

ಜಿಲ್ಲಾ ಪರಿಸರ ಕಚೇರಿಯ ಮುಖ್ಯಸ್ಥರಿಗೆ, ಸಿಲಾಯೊ ಹೊಳೆಯ ದಂಡೆಯಿಂದ, ಪತ್ರಿಕೆಯ ಮೂಲಕ ಬಹಿರಂಗ ಪತ್ರ.

ಮಾನ್ಯರೇ,

ನಾನು ಮುಖಕ್ಕೆ ಕ್ರೀಮು ಹಚ್ಚುವುದಿಲ್ಲ. ಅರವತ್ತೊಂಬತ್ತು ವರ್ಷಗಳಲ್ಲಿ ಒಂದು ಸಲವೂ ಹಚ್ಚಿಲ್ಲ. ಮದುವೆಯ ದಿನ ಅತ್ತಿಗೆಯೊಬ್ಬಳು ಅಕ್ಕಿಹಿಟ್ಟು ಬಳಿಯಲು ಬಂದಿದ್ದಳು; ಅವಳ ಕೈ ಹಿಡಿದು ಹಿಟ್ಟನ್ನು ಅವಳ ಮುಖಕ್ಕೇ ತಿರುಗಿಸಿದ್ದೆ. ಇಂಥ ಸಂಗತಿಯನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಆದರೆ ತಮ್ಮ ಕಚೇರಿ ಹೊರಡಿಸಿದ ವರದಿಯ ಹನ್ನೊಂದನೇ ಪುಟದಲ್ಲಿ ಹೀಗಿದೆ: "ಸದರಿ ಗ್ರಾಮದ ಮಹಿಳೆಯರ ತಲೆಗೂದಲಲ್ಲಿ ಕಂಡುಬಂದ ಪಾದರಸಕ್ಕೆ ಮುಖ ಬೆಳ್ಳಗಾಗಿಸುವ ಕ್ರೀಮುಗಳ ಬಳಕೆಯೇ ಕಾರಣ. ಹೊಳೆಯ ನೀರು ಮತ್ತು ಮೀನು ಸುರಕ್ಷಿತ."

ಸದರಿ ಗ್ರಾಮದ ಮಹಿಳೆಯರಲ್ಲಿ ನಾನೂ ಒಬ್ಬಳು. ನಮ್ಮಲ್ಲಿ ಮನೆ, ಗದ್ದೆ, ಬಳಿ ಎಂದು ನಾವು ಕರೆಯುವ ಕುಲ, ಎಲ್ಲವೂ ತಾಯಿಯಿಂದ ಮಗಳಿಗೆ ಬರುತ್ತವೆ; ನಮ್ಮ ದೊಡ್ಡಮನೆಯ ಬೀಗದ ಕೈ ಮೂವತ್ತೊಂದು ವರ್ಷಗಳಿಂದ ನನ್ನ ಸೊಂಟದಲ್ಲಿದೆ. ಆ ಸೊಂಟವನ್ನು ತಾವು ನೋಡದಿದ್ದರೂ ಮುಖವನ್ನಾದರೂ ಒಮ್ಮೆ ಬಂದು ನೋಡಬಹುದಿತ್ತು. ನೋಡಿದ್ದರೆ ಕ್ರೀಮಿನ ಅನುಮಾನ ಅಲ್ಲೇ ಬಗೆಹರಿಯುತ್ತಿತ್ತು. ಕಾಫಿ ಎಲೆಯ ಕಷಾಯಕ್ಕಿಂತ ಒಂದು ಪಟ್ಟು ಹೆಚ್ಚು ಕಪ್ಪು ಬಣ್ಣ ನನ್ನದು, ಮತ್ತು ನನಗೆ ಅದು ಒಪ್ಪುತ್ತದೆ.

ಪ್ರಶ್ನೆ ನನ್ನ ಬಣ್ಣದ್ದಲ್ಲ. ಮೊಮ್ಮಗಳು ಯೆಲ್ಫಿರಾ ಈಗ ಆರು ತಿಂಗಳ ಬಸುರಿ. ರಂಜಾನ್ ಹಬ್ಬ ಕಳೆದ ಏಳನೇ ದಿನ ನಮ್ಮ ಆಣೆಮಡು ತೆರೆಯುತ್ತದೆ. ಹೊಳೆಯ ಆ ಮಡುವಿಗೆ ಎರಡು ವರ್ಷದ ಹಿಂದೆ ಊರಿನವರೆಲ್ಲ ದಂಡೆಯಲ್ಲಿ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದಿ ಆಣೆ ಹಾಕಿದ್ದೇವೆ. ಅಂದಿನಿಂದ ಯಾರೂ ಅಲ್ಲಿ ಗಾಳ ಇಳಿಸಿಲ್ಲ, ಇಳಿಸಿದವರ ಹೊಟ್ಟೆ ಊದುತ್ತದೆ. ತೆರೆದ ದಿನ ಮುನ್ನೂರು ಮನೆಯವರೂ ಹೊಳೆಗೆ ಇಳಿಯುತ್ತಾರೆ. ಬಲೆಗೆ ಬಿದ್ದ ಮೊದಲ ದೊಡ್ಡ ಗಾರಿಂಗ್ ಮೀನನ್ನು ನಮ್ಮ ದೊಡ್ಡಮನೆಯ ಬಸುರಿಗೆ ಬಡಿಸುವುದು ನನ್ನಜ್ಜಿಯ ಕಾಲದಿಂದ ಬಂದದ್ದು. ನನ್ನ ತಾಯಿ ತಿಂದಿದ್ದಾಳೆ, ನಾನು ತಿಂದಿದ್ದೇನೆ, ನನ್ನ ಮಗಳು ತಿಂದಿದ್ದಾಳೆ. ಈಗ ಯೆಲ್ಫಿರಾಳ ಸರದಿ. ಬಡಿಸಬೇಕಾದ ಕೈ ನನ್ನದು. ನಾಲ್ಕು ವರ್ಷಗಳಿಂದ ಮೇಲಿನ ಕಣಿವೆಯಲ್ಲಿ ಅಗೆಯುವ ಯಂತ್ರಗಳು ಹೊಳೆಯ ತಳವನ್ನು ಬಗೆದು, ಚಿನ್ನ ಹಿಡಿಯಲು ಪಾದರಸ ಸುರಿಯುತ್ತಿವೆ. ಆ ಮೀನನ್ನು ಅವಳ ತಟ್ಟೆಗೆ ಹಾಕಬಹುದೇ ಬಾರದೇ? ನಾನು ಕೇಳಿದ್ದು ಇಷ್ಟೇ. ಅದಕ್ಕೆ ತಾವು ಕೊಟ್ಟ ಉತ್ತರ: ಕ್ರೀಮು ಹಚ್ಚಬೇಡಿ.

ವರದಿ ನಮ್ಮ ಕೈಗೆ ಬಂದ ದಿನ ನಡೆದದ್ದನ್ನು ತಾವು ಕೇಳಲೇಬೇಕು. ಆವತ್ತಿನಿಂದ ನನ್ನ ಪಕ್ಕೆ ಇನ್ನೂ ನೋಯುತ್ತಿದೆ. ನಾನು ನಗುವವಳಲ್ಲ, ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ನನ್ನ ನಗು ನೋಡಿ ನೆರೆಮನೆಯ ಸಂಸಿನಾರ್ ಮೊದಲು ನನಗೆ ಲಕ್ವ ಹೊಡೆಯಿತು ಅಂದುಕೊಂಡಳಂತೆ.

ಕೂದಲಿನ ಮಾದರಿ ತೆಗೆದದ್ದು ತಮ್ಮ ಪ್ರಯೋಗಾಲಯದ ಹುಡುಗಿ ಗುಸ್ನೀತಾ. ಜಾಣೆ, ಕೈ ಚುರುಕು, ಊಟದಲ್ಲಿ ಮಾತ್ರ ನಿಧಾನ. ನಮ್ಮ ಮನೆಯ ಹಜಾರದಲ್ಲಿ ಹತ್ತೊಂಬತ್ತು ಹೆಂಗಸರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ ಒಂದೊಂದು ಎಳೆಗಟ್ಟು ಕೊಟ್ಟೆವು. ಪ್ರತಿಯೊಬ್ಬರಿಗೂ ನಂಬರಿನ ಚೀಟಿ ಸಿಕ್ಕಿತು. ಇಷ್ಟಕ್ಕೇ ಮುಗಿಯಬೇಕಿತ್ತು. ಇನ್ನೂ ಕೆಲವರ ಸರದಿ ಉಳಿದಿರುವಾಗಲೇ ನನ್ನ ತಮ್ಮ ಒಳಗೆ ಬಂದ. ಅವನು ನಮ್ಮ ಬಳಿಯ ಮುಖ್ಯಸ್ಥ, ಬಿರುದು ದಾತುಕ್, ವಯಸ್ಸು ಅರವತ್ತಮೂರು, ಹೆಂಡತಿ ತೀರಿ ಎರಡು ವರ್ಷ.

"ಬಳಿಯ ಮುಖ್ಯಸ್ಥನ ಕೂದಲೇ ಇಲ್ದೆ ಇದೆಂಥ ಪರೀಕ್ಷೆ?" ಎಂದು ಪೇಟ ತೆಗೆದು ಕೂತ.

"ಇದು ಹೆಂಗಸರಿಗೆ ಮಾಡ್ತಿರೋದು, ದಾತುಕ್," ಎಂದಳು ಗುಸ್ನೀತಾ.

"ಹೊಳೆ ನೀರು ಹೆಂಗಸರು ಮಾತ್ರ ಕುಡೀತಾರಾ? ಕತ್ತರಿಸು, ಕತ್ತರಿಸು."

ಇದ್ದ ಕೂದಲಿನಲ್ಲಿ ಕತ್ತರಿಸುವಷ್ಟನ್ನು ಹುಡುಕಲು ಅವಳಿಗೆ ಹತ್ತು ನಿಮಿಷ ಬೇಕಾಯಿತು.

ವರದಿಯಲ್ಲಿ ಹೆಸರುಗಳಿಲ್ಲ, ನಂಬರುಗಳಿವೆ. ನನ್ನ ಚೀಟಿಯ ನಂಬರು ಏಳು, ಪಾದರಸವೂ ಹತ್ತು ಲಕ್ಷಕ್ಕೆ ಏಳು ಅಂಶ. ಯೆಲ್ಫಿರಾಳದು ಆರು. ಉಳಿದವರದು ನಾಲ್ಕು, ಐದು, ಎಂಟು. ಒಂದಿದ್ದರೆ ಚಿಂತೆಯಿಲ್ಲ ಎಂದು ವರದಿಯ ಅಡಿಯಲ್ಲೇ ಬರೆದಿದೆ. ಹದಿನಾಲ್ಕನೇ ನಂಬರಿನ ಮುಂದೆ ಮಾತ್ರ ಇನ್ನೂರ ಹನ್ನೆರಡು! ಆ ಇನ್ನೂರ ಹನ್ನೆರಡನ್ನು ಹಿಡಿದುಕೊಂಡೇ ತಮ್ಮ ಕಚೇರಿ ತೀರ್ಪು ಕೊಟ್ಟಿದೆ: ಮೀನು ತಿಂದು ಯಾರಿಗೂ ಇಷ್ಟು ಏರುವುದಿಲ್ಲ, ಇದು ಕ್ರೀಮಿನದೇ, ಆದ್ದರಿಂದ ಎಲ್ಲರದೂ ಕ್ರೀಮಿನದೇ. ಮದುವೆಮನೆಯಲ್ಲಿ ಒಬ್ಬನಿಗೆ ಆನೆಕಾಲು ಇದ್ದರೆ ಬಂದವರೆಲ್ಲರಿಗೂ ಆನೆಕಾಲು ಎನ್ನುವ ವಿದ್ಯೆ ಇದು. ಇದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಮಾನ್ಯರೇ? ನಾನು ಓದಿದ್ದು ಹೈಸ್ಕೂಲು ಮಾತ್ರ. ನಮಗೆ ಈ ಪಾಠ ಇರಲಿಲ್ಲ.

ಹೆಂಗಸರೆಲ್ಲ ನಮ್ಮ ಹಜಾರದಲ್ಲಿ ಸೇರಿದರು. ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡತೊಡಗಿದರು. ಯಾರು ಆ ಹದಿನಾಲ್ಕು?

"ನಿನ್ನ ಸೊಸೆ ಇರಬೇಕು ಕಣೆ, ಅವಳ ಕೆನ್ನೆ ನೋಡು."

"ನನ್ನ ಸೊಸೆ ಕೆನ್ನೆ ಹುಟ್ಟಿದ್ದೇ ಹಂಗೆ! ನಿನ್ನ ಮಗಳು ಪೇಟೆಗೆ ಯಾಕೆ ವಾರಕ್ಕೆರಡು ಸಲ ಹೋಗ್ತಾಳೆ, ಅದನ್ನ ಹೇಳು."

ಜಡೆ ಎಳೆದಾಡುವ ಹಂತ ಬಂದಾಗ ನಾನು ಕೈ ಎತ್ತಿದೆ. "ಎಲ್ಲರೂ ಚೀಟಿ ತೆಗೀರಿ. ಚಾಪೆ ಮೇಲಿಡಿ."

ಒಂದು, ಎರಡು, ಮೂರು ಎಂದು ಸಾಲಾಗಿ ಇಟ್ಟೆವು. ಇಪ್ಪತ್ತರವರೆಗೆ ಬಂತು. ಹತ್ತೊಂಬತ್ತು ಚೀಟಿ, ನಡುವೆ ಒಂದು ಖಾಲಿ ಜಾಗ. ಹದಿಮೂರಾದ ಮೇಲೆ ಹದಿನೈದು. ಆಮೇಲೆ ಹತ್ತೊಂಬತ್ತು ತಲೆಗಳು ಒಟ್ಟಿಗೆ ಕಿಟಕಿಯ ಕಡೆ ತಿರುಗಿದವು. ಕಿಟಕಿಯ ಹತ್ತಿರ ನನ್ನ ತಮ್ಮ ಕಷಾಯ ಕುಡಿಯುತ್ತ ಹೊರಗಿನ ತೆಂಗಿನಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ದಾತುಕ್, ನಿಮ್ಮ ಚೀಟಿ ಎಲ್ಲಿ?" ಎಂದಳು ಯೆಲ್ಫಿರಾ.

"ಯಾವ ಚೀಟಿ?"

"ಕೂದಲು ಕೊಟ್ಟಾಗ ಕೊಟ್ರಲ್ಲ, ಅದು."

"ಎಲ್ಲೋ ಬಿದ್ದುಹೋಯ್ತು. ಬಳಿಯ ಮುಖ್ಯಸ್ಥ ಚೀಟಿ ಕಾಯ್ಕೊಂಡು ಕೂರ್ತಾನಾ?"

ಸಂಸಿನಾರ್ ಎದ್ದು ಹತ್ತಿರ ಹೋಗಿ ಅವನ ಮುಖವನ್ನು ಒಮ್ಮೆ, ಕೈಯನ್ನು ಒಮ್ಮೆ ನೋಡಿದಳು. "ಅಯ್ಯೋ ನನ್ನಪ್ಪಾ! ಮುಖ ಸಿಪ್ಪೆ ಸುಲಿದ ಬಾಳೆಹಣ್ಣು, ಕೈ ಹುರಿದ ಕಾಫಿ ಬೀಜ. ಎರಡೂ ಒಬ್ಬನದೇ ಅಂತ ಹೇಳಿದ್ರೆ ಯಾರು ನಂಬ್ತಾರೆ?"

"ಬಿಸಿಲಿಗೆ ಹೋಗೋದು ಕಮ್ಮಿ ಮಾಡಿದೀನಿ," ಎಂದ ತಮ್ಮ.

"ಮುಖ ಮನೇಲಿಟ್ಟು ಕೈ ಮಾತ್ರ ಗದ್ದೆಗೆ ಕಳಿಸ್ತೀರಾ, ದಾತುಕ್?"

ಅಲ್ಲಿಗೆ ಮುಗಿಯಿತು. ಮೊದಲು ನಕ್ಕದ್ದು ಯೆಲ್ಫಿರಾ, ಹೊಟ್ಟೆ ಹಿಡಿದುಕೊಂಡು. ಆಮೇಲೆ ಹಜಾರದ ಹಲಗೆಗಳೇ ಕುಣಿದವು. ನಾನು ಗಂಭೀರವಾಗಿರಲು ಪ್ರಯತ್ನಿಸಿದೆ. ಬಾಯಿ ಮುಚ್ಚಿದರೆ ಮೂಗಿನಲ್ಲಿ ಬಂತು. ಅವನು ಪೇಟ ಸರಿಮಾಡಿಕೊಂಡು ಎದ್ದು ನಿಂತು, ಬಳಿಯ ಸಭೆಯಲ್ಲಿ ಮಾತಾಡುವ ದನಿಯಲ್ಲಿ ಒಪ್ಪಿಕೊಂಡ: "ಪಕ್ಕದೂರಿನ ನಿವೃತ್ತ ಟೀಚರಮ್ಮನ ಮನೆಯವರು ಫೋಟೋ ಕೇಳಿದ್ರು. ಮೂರು ತಿಂಗಳು ಹಚ್ಚಿದೆ. ಮುಖಕ್ಕೆ, ಕತ್ತಿಗೆ, ಉಳಿದದ್ದನ್ನ ತಲೆಗೂ ಒರೆಸ್ಕೊಂಡೆ, ಅಲ್ಲೂ ಬಿಸಿಲು ಬೀಳುತ್ತಲ್ಲ. ಈಗ ಏನಂತೀರಿ?"

ನಮ್ಮಲ್ಲಿ ಹೆಣ್ಣಿನ ಕಡೆಯವರು ಬಂದು ಗಂಡನ್ನು ನೋಡಿ ಒಪ್ಪಿ ಕರೆದುಕೊಂಡು ಹೋಗುವುದು. ಹಾಗಾಗಿ ಅವನ ಸಂಕಟ ನನಗೆ ಅರ್ಥವಾಯಿತು. ಆದರೂ ನಗು ನಿಲ್ಲಲಿಲ್ಲ. (ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ಡಬ್ಬಿಯನ್ನು ಎಸೆದಿದ್ದಾನೆಂದು ತಿಳಿಸಬೇಕೆಂಬುದು ಅವನ ಷರತ್ತು. ತಿಳಿಸಿದ್ದೇನೆ. ಟೀಚರಮ್ಮನ ಮನೆಯವರು ಈ ಪತ್ರಿಕೆ ಓದುವುದಿಲ್ಲವೆಂದು ಅವನು ನಂಬಿದ್ದಾನೆ.)

ಈಗ ತಮ್ಮ ವಿಜ್ಞಾನಕ್ಕೆ ಬರೋಣ. ಮರುವಾರ ಗುಸ್ನೀತಾಳನ್ನು ಕರೆಸಿ ಕೂರಿಸಿಕೊಂಡೆ. ಅವಳ ಮೇಲೆ ಸಿಟ್ಟಾಗಬೇಡಿ. ನಾನು ಕೇಳಿದರೆ ಉತ್ತರ ಹೇಳದೆ ಏಳಲು ಯಾರಿಂದಲೂ ಆಗುವುದಿಲ್ಲ.

"ನಿಮ್ಮ ಯಂತ್ರಕ್ಕೆ ನನ್ನ ಕೂದಲಿಗೂ ಇವನ ಕೂದಲಿಗೂ ವ್ಯತ್ಯಾಸ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಅಜ್ಜಿ. ಕೂದಲನ್ನ ಆಮ್ಲದಲ್ಲಿ ಪೂರ್ತಿ ಕರಗಿಸ್ತೀವಿ. ಆಮೇಲೆ ತವರದ ಉಪ್ಪು ಹಾಕಿದ್ರೆ ಪಾದರಸ ಆವಿಯಾಗಿ ಏಳುತ್ತೆ. ಆ ಆವಿ ಒಳಗೆ ಬೆಳಕು ಬಿಟ್ಟು, ಎಷ್ಟು ಬೆಳಕನ್ನ ಅದು ನುಂಗ್ತು ಅಂತ ಅಳೀತೀವಿ. ಒಟ್ಟು ಎಷ್ಟಿದೆ ಅಂತ ಬರುತ್ತೆ. ಯಾವ ಥರದ್ದು ಅಂತ ಬರಲ್ಲ."

"ಪಾದರಸದಲ್ಲೂ ಥರ ಉಂಟಾ?"

"ಉಂಟು. ಕ್ರೀಮಲ್ಲಿರೋದು ಉಪ್ಪಿನ ಥರದ್ದು, ಹೊರಗಿಂದ ಕೂದಲಿಗೆ ಅಂಟುತ್ತೆ. ಹೊಳೇಲಿ ಹಂಗಲ್ಲ. ಗಣಿಯವರು ಚೆಲ್ಲಿದ್ದು ಕೆಸರಲ್ಲಿ ಕೂರುತ್ತೆ, ಅಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಮೀಥೈಲ್ ಪಾದರಸ ಮಾಡ್ತವೆ. ಅದು ಹುಳದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ, ದೊಡ್ಡದರಿಂದ ನಮಗೆ. ಒಳಗಿಂದ ಕೂದಲಿಗೆ ಬರೋದು ಅದು." ಅವಳು ಯೆಲ್ಫಿರಾಳ ಕಡೆ ನೋಡಿ ದನಿ ತಗ್ಗಿಸಿದಳು. "ಹೊಟ್ಟೇಲಿರೋ ಮಗೂಗೂ ಹೋಗೋದು ಅದೇ."

ನಗುವೆಲ್ಲ ಒಂದು ಗಳಿಗೆ ಎಲ್ಲಿ ಹೋಯಿತೋ.

"ಎರಡನ್ನೂ ಬೇರೆ ಮಾಡಿ ಅಳೆಯೋಕಾಗಲ್ವಾ?" ಎಂದಳು ಯೆಲ್ಫಿರಾ.

"ಆಗುತ್ತೆ. ಪೂರ್ತಿ ಕರಗಿಸದೆ ಮೆತ್ತಗೆ ಬಿಡಿಸಿ, ಹುಲ್ಲುಕಡ್ಡಿಗಿಂತ ತೆಳ್ಳಗಿನ ಉದ್ದ ಕೊಳವೇಲಿ ಓಡಿಸ್ಬೇಕು. ಒಂದೊಂದು ಥರದ್ದು ಒಂದೊಂದು ಹೊತ್ತಿಗೆ ಹೊರಗೆ ಬರುತ್ತೆ, ಬಂದಹಾಗೆ ಅಳೀಬಹುದು. ಪ್ರಾಂತ್ಯದ ದೊಡ್ಡ ಪ್ರಯೋಗಾಲಯದಲ್ಲಿ ಆ ಕೊಳವೆ ಇದೆ. ಕಳಿಸೋಕೆ ಮೇಲಿನವರ ಸಹಿ ಬೇಕು."

ಮೇಲಿನವರೆಂದರೆ ತಾವು. ಒಂದು ಸಹಿ! ನಮ್ಮ ಮದುವೆಗಳಲ್ಲಿ ಬಾಗಿಲಲ್ಲಿ ನಿಂತ ಮುದುಕಿ ಕೂಡ ಬಂದವರು ಇಷ್ಟು ಜನ ಎಂದಷ್ಟೇ ಹೇಳುವುದಿಲ್ಲ. ಗಂಡಿನ ಕಡೆಯವರು ಎಷ್ಟು, ಹೆಣ್ಣಿನ ಕಡೆಯವರು ಎಷ್ಟು, ಕರೆಯದೆ ಬಂದವರು ಎಷ್ಟು ಎಂದು ಬಿಡಿಸಿ ಹೇಳುತ್ತಾಳೆ. ತಮ್ಮ ಕಚೇರಿ ಎಲ್ಲರನ್ನೂ ಒಂದೇ ಬಾಣಲೆಯಲ್ಲಿ ಕರಗಿಸಿ, ಹೊಗೆ ನೋಡಿ, ಎಲ್ಲರೂ ಕ್ರೀಮಿನ ಕಡೆಯವರು ಎಂದು ಬರೆದುಬಿಟ್ಟಿತು. ಹೊಳೆಯ ನೀರಿನ ವಿಷಯಕ್ಕಂತೂ "ಪತ್ತೆಯಾಗಿಲ್ಲ" ಎಂಬ ಒಂದೇ ಪದ. ನೀರಿನಲ್ಲಿ ಅದು ಇರುವುದೇ ಕಣದ ಕಣದಷ್ಟು, ಅಷ್ಟನ್ನು ಹಿಡಿಯುವ ಶಕ್ತಿ ತಮ್ಮ ಯಂತ್ರಕ್ಕಿಲ್ಲ ಎಂದು ಗುಸ್ನೀತಾಳೇ ಒಪ್ಪಿದಳು. ಎಮ್ಮೆ ತೂಗುವ ತಕ್ಕಡಿಯಲ್ಲಿ ಲವಂಗ ಇಟ್ಟು, ಮುಳ್ಳು ಅಲ್ಲಾಡಲಿಲ್ಲ, ಆದ್ದರಿಂದ ಲವಂಗವೇ ಇಲ್ಲ ಎಂದರೆ ಸಾರು ಮಾಡುವವರು ಏನು ಹೇಳಬೇಕು?

"ಆದ್ರೆ ಅಜ್ಜಿ," ಎಂದಳು ಗುಸ್ನೀತಾ, "ಒಂದು ಮಾತ್ರ ನನಗೆ ಅರ್ಥವಾಗ್ತಿಲ್ಲ. ಮೀನಲ್ಲಿರೋದು ಹೆಚ್ಚುಕಮ್ಮಿ ಎಲ್ಲಾ ಮೀಥೈಲೇ. ಅದಕ್ಕೆ ನಮ್ಮ ಯಂತ್ರವೇ ಸಾಕು. ಆವತ್ತು ನೀವು ಕೊಟ್ಟ ಐದೂ ಮೀನು ಶುದ್ಧ ಬಂತು. ಅಷ್ಟು ಶುದ್ಧ ಹೇಗೆ?"

ಹಜಾರದಲ್ಲಿ ಎಲ್ಲರೂ ನನ್ನನ್ನು ನೋಡಿದರು. ಈ ಸಲ ತೆಂಗಿನಮರವನ್ನು ಬಹಳ ಆಸಕ್ತಿಯಿಂದ ನೋಡಿದವಳು ನಾನು.

ಮಾನ್ಯರೇ, ಈ ಪತ್ರದಲ್ಲಿ ಬರೆಯಲು ಕಷ್ಟವಾದ ಭಾಗ ಇದು. ಆದ್ದರಿಂದ ಬೇಗ ಬರೆಯುತ್ತೇನೆ. ಮಾದರಿ ತೆಗೆಯಲು ಬಂದ ದಿನ ಗುಸ್ನೀತಾ ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಇಟ್ಟುಕೊಂಡು ಐದು ಹೊಳೆಮೀನು ಕೇಳಿದಳು. ಆಣೆಮಡುವಿಗೆ ಕೈ ಹಾಕುವಂತಿಲ್ಲ. ಮಡುವಿನ ಹೊರಗೆ ಹೊಳೆ ಕೆಸರು; ಅಳಿಯ ಎರಡು ಗಂಟೆ ಬಲೆ ಬೀಸಿ ತಂದದ್ದು ಕಿರುಬೆರಳಿನಷ್ಟು ಉದ್ದದ ನಾಲ್ಕು ಮರಿ. ನಮ್ಮ ಮನೆಗೆ ಬಂದ ಅತಿಥಿ, ಅದೂ ಸರ್ಕಾರದ ಕಡೆಯ ಹೆಣ್ಣುಮಗಳು, ಕಿರುಬೆರಳಿನಷ್ಟು ಮೀನು ಹಿಡಿದುಕೊಂಡು ಪೇಟೆಗೆ ಹೋಗುವುದೇ? ಆ ಪೆಟ್ಟಿಗೆಯ ಮೇಲೆ ನಮ್ಮ ಊರಿನ ಹೆಸರು ಬರೆಯುವುದೇ? ಪೇಟೆಯಲ್ಲಿ ಅದನ್ನು ತೆರೆದವರು, ಆ ದೊಡ್ಡಮನೆಯವರು ಕೊಟ್ಟದ್ದು ಇಷ್ಟೇ ನೋಡಿ ಎನ್ನುವುದೇ? ನಾನು ಅಳಿಯನಿಗೆ ಕಣ್ಸನ್ನೆ ಮಾಡಿದೆ. ಅವನು ಹಿತ್ತಲಿಗೆ ಹೋಗಿ ನನ್ನ ಸ್ವಂತ ಕೊಳದಿಂದ, ಬುಗ್ಗೆ ನೀರು ಕುಡಿದು ಅಕ್ಕಿತೌಡು ತಿಂದು ಕೊಬ್ಬಿದ ಐದು ನಿಲಾ ಮೀನು ತಂದ. ಒಂದೊಂದು ಅಂಗೈ ಅಗಲ.

"ಇದು ಹೊಳೇದೇನಾ, ಅಜ್ಜಿ?" ಎಂದು ಆ ಹುಡುಗಿ ಕೇಳಿಯೂ ಕೇಳಿದಳು. ನಿಲಾ ಈಗ ಹೊಳೆಯಲ್ಲೂ ಸಿಗುತ್ತದೆ, ಅವಳ ತಪ್ಪಿಲ್ಲ.

"ನಮ್ಮ ಮನೆಯಿಂದ ಕೆಟ್ಟ ಮೀನು ಯಾವತ್ತೂ ಹೊರಗೆ ಹೋಗಿಲ್ಲ, ತಗೊಂಡು ಹೋಗು," ಎಂದೆ. ಮಾತು ನಿಜ. ಉತ್ತರ ಸುಳ್ಳು. ಅವಳ ಬಾಯಿಗೆ ಮೂರನೇ ತಟ್ಟೆ ಅನ್ನ ತುಂಬಿದ್ದರಿಂದ ಮತ್ತೆ ಕೇಳಲಿಲ್ಲ.

ಹಾಗಾಗಿ ತಾವು ಮೊಹರು ಒತ್ತಿ ಸುರಕ್ಷಿತವೆಂದು ಘೋಷಿಸಿದ್ದು ಸಿಲಾಯೊ ಹೊಳೆಯನ್ನಲ್ಲ, ನನ್ನ ಹಿತ್ತಲನ್ನು. ಜಿಲ್ಲೆಯಲ್ಲಿ ಸರ್ಕಾರಿ ಪ್ರಮಾಣಪತ್ರ ಪಡೆದ ಏಕೈಕ ಕೊಳ ನನ್ನದು. ಧನ್ಯವಾದಗಳು.

ನಾನು ಇದನ್ನು ಹೇಳಿ ಮುಗಿಸಿದಾಗ ನನ್ನ ತಮ್ಮನ ಮುಖದಲ್ಲಿ ಎಂಥ ಬೆಳಕು ಬಂತೆಂದರೆ ಆ ಕ್ರೀಮು ಮೂರು ತಿಂಗಳಲ್ಲಿ ಅಷ್ಟು ತಂದಿರಲಿಲ್ಲ. "ಅಕ್ಕಾ," ಎಂದ, "ನಾನು ಮುಖ ಬೆಳ್ಳಗೆ ಮಾಡ್ಕೊಂಡೆ. ನೀನು ಹೊಳೆನೇ ಬೆಳ್ಳಗೆ ಮಾಡ್ಬಿಟ್ಯಲ್ಲ!" ಎಲ್ಲರೂ ಮತ್ತೆ ಬಿದ್ದು ಬಿದ್ದು ನಕ್ಕರು. ಗುಸ್ನೀತಾ ನೆಲಕ್ಕೆ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ಕೊನೆಗೆ ನಾನೂ ನಕ್ಕೆ. ನಗದೆ ಬೇರೆ ಏನು ಮಾಡಲಿ? ಒಬ್ಬ ಮುದುಕನ ಚೆಲುವಿನ ಆಸೆ, ಒಬ್ಬ ಮುದುಕಿಯ ಜಂಬ, ಎರಡೂ ಸೇರಿ ಒಂದು ಸರ್ಕಾರಿ ವರದಿಯಾಗಿತ್ತು.

ಆದರೆ ನಮ್ಮ ತಪ್ಪನ್ನು ನಾವು ಒಂದು ಮಧ್ಯಾಹ್ನದಲ್ಲಿ, ಹತ್ತೊಂಬತ್ತು ಚೀಟಿಗಳಿಂದ ಕಂಡುಹಿಡಿದೆವು. ತಮ್ಮ ಕಚೇರಿಗೆ ಎರಡು ತಿಂಗಳಾದರೂ ಒಂದು ಪ್ರಶ್ನೆ ಹುಟ್ಟಲಿಲ್ಲವೇ? ಮೀನು ಶುದ್ಧ, ಮೀನು ತಿನ್ನುವ ಹೆಂಗಸರ ಕೂದಲು ಅಶುದ್ಧ. ಈ ಎರಡು ಸಾಲು ಒಂದೇ ಪುಟದಲ್ಲಿ ಅಕ್ಕಪಕ್ಕ ಕೂತಿದ್ದಾಗ ಸಹಿ ಹಾಕಿದ ಕೈಗೆ ಒಮ್ಮೆಯೂ ತುರಿಕೆಯಾಗಲಿಲ್ಲವೇ? ನಾನು ಸುಳ್ಳು ಹೇಳಿದ್ದು ಮಾನ ಉಳಿಸಿಕೊಳ್ಳಲು. ತಾವು ಅದನ್ನು ನಂಬಿದ್ದು ಯಾವುದನ್ನು ಉಳಿಸಿಕೊಳ್ಳಲು?

ಈಗ ನನ್ನ ಬೇಡಿಕೆ. ಬರುವ ಶನಿವಾರ ಬೆಳಿಗ್ಗೆ ಆಣೆಮಡುವಿನ ಕಟ್ಟನ್ನು ಒಂದು ಗಂಟೆಯ ಮಟ್ಟಿಗೆ ಸಡಿಲಿಸುತ್ತೇವೆ. ಮಡುವಿಗೆ ಆಣೆ ಹಾಕಿದ ಮೇಲೆ ಅವಧಿಗೆ ಮುಂಚೆ ತೆರೆದದ್ದು ನನ್ನ ನೆನಪಿನಲ್ಲಿಲ್ಲ. ಹಿರಿಯರು ಒಪ್ಪಲಿಲ್ಲ. ಆಗ ನನ್ನ ತಮ್ಮ ಎದ್ದು, "ನನ್ನ ಮಾನ ಊರ ಮುಂದೆ ಹೋಗಿಯಾಯ್ತು, ಹೊಟ್ಟೆ ಊದೋದಿದ್ರೆ ನನ್ನದೇ ಊದಲಿ, ಬಲೆ ನಾನೇ ಬೀಸ್ತೀನಿ," ಎಂದ. ಒಪ್ಪಿದರು. ಅವನ ಬಗ್ಗೆ ಮೇಲೆ ಬರೆದದ್ದನ್ನೆಲ್ಲ ಓದುವಾಗ ಇದನ್ನೂ ಓದಿಕೊಳ್ಳಬೇಕು. ಗುಸ್ನೀತಾಳನ್ನು ಮಂಜಿನ ಪೆಟ್ಟಿಗೆಯ ಸಮೇತ ಕಳುಹಿಸಿ. ಒಂಬತ್ತು ಮೀನು ಕೊಡುತ್ತೇವೆ, ಅವಳ ಕಣ್ಣೆದುರಿಗೇ ಹಿಡಿದು, ದೊಡ್ಡದು ಚಿಕ್ಕದು ಆರಿಸದೆ. ನಮ್ಮ ಇಪ್ಪತ್ತು ಜನರ ಕೂದಲನ್ನೂ ಆ ಉದ್ದ ಕೊಳವೆಯಿರುವಲ್ಲಿಗೆ ಕಳುಹಿಸಲು ಸಹಿ ಹಾಕಿ. ಹಬ್ಬಕ್ಕೆ ಮುಂಚೆ ಉತ್ತರ ಬೇಕು. ಕೆಟ್ಟದೆಂದು ಬಂದರೆ ಮಡು ತೆರೆಯುವುದಿಲ್ಲ, ಮುನ್ನೂರು ಮನೆಗಳಿಗೆ ನಾನೇ ಹೋಗಿ ಹೇಳುತ್ತೇನೆ. ಮೇಲಿನ ಕಣಿವೆಯ ಯಂತ್ರಗಳಿಗೆ ಹೇಳುವ ಕೆಲಸ ತಮ್ಮದು. ತಾವೂ ಶನಿವಾರ ಬನ್ನಿ. ಹೆದರಬೇಡಿ, ಮಡುವಿನ ಮೀನನ್ನು ತಮಗೆ ಬಡಿಸುವುದಿಲ್ಲ. ಮೊಮ್ಮಗಳಿಗೆ ಬಡಿಸಲಾರದ್ದನ್ನು ಅತಿಥಿಗೆ ಬಡಿಸುವ ಪದ್ಧತಿ ನಮ್ಮಲ್ಲಿಲ್ಲ. ತಮಗೆ ನನ್ನ ಕೊಳದ ನಿಲಾ, ತಾವೇ ಮೊಹರು ಒತ್ತಿದ್ದು, ಅರಿಶಿನ ಮತ್ತು ಹುಳಿ ಹಾಕಿ.

ಈ ಪತ್ರದ ಜೊತೆ ತಮ್ಮ ಕಚೇರಿಗೆ ಬಟ್ಟೆಯಲ್ಲಿ ಸುತ್ತಿದ ಒಂದು ಪೊಟ್ಟಣ ಬರುತ್ತದೆ. ಬಿಚ್ಚುವಾಗ ಗುಸ್ನೀತಾಳೇ ಬಿಚ್ಚಲಿ, ಗಂಡಸರ ಕೈ ಬೇಡ. ಅದರಲ್ಲಿರುವುದು ನನ್ನ ಜಡೆ. ಎಂಬತ್ತೆಂಟು ಸೆಂಟಿಮೀಟರು. ತಲೆವಸ್ತ್ರದ ಕೆಳಗಿದ್ದ ಅದನ್ನು ಮನೆಯವರು ಬಿಟ್ಟರೆ ಯಾರೂ ನೋಡಿಲ್ಲ. ನನ್ನ ಗಂಡ ಸಾಯುವ ಹಿಂದಿನ ವಾರವೂ ಅದನ್ನು ಮುಟ್ಟಿ ನೋಡಿದ್ದರು. ನಮ್ಮಲ್ಲಿ ಕತ್ತರಿಸಿದ ಕೂದಲನ್ನು ಮಣ್ಣು ಮಾಡುತ್ತೇವೆ, ಪರರಿಗೆ ಕೊಡುವುದಿಲ್ಲ. ಧರ್ಮಗುರುಗಳ ಹೆಂಡತಿಯನ್ನು ಕೇಳಿದೆ. ಅವಳು, "ಪರೀಕ್ಷೆ ಆದ್ಮೇಲೆ ಉಳಿದದ್ದನ್ನ ವಾಪಸ್ ತರ್ಸಿ ಮಣ್ಣು ಮಾಡು," ಎಂದಳು. ಹಾಗಾಗಿ ಉಳಿದದ್ದನ್ನು ಹಿಂದಿರುಗಿಸತಕ್ಕದ್ದು.

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರು ಬೆಳೆಯುತ್ತದೆ, ಆ ತಿಂಗಳು ತಿಂದದ್ದನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ ಎಂದು ಗುಸ್ನೀತಾಳೇ ಹೇಳಿದಳು. ಬುಡಕ್ಕೆ ಕೆಂಪು ದಾರ ಕಟ್ಟಿದ್ದೇನೆ, ತುದಿಗೆ ಬಿಳಿ ದಾರ. ಬಿಳಿ ದಾರದ ಕಡೆಯಲ್ಲಿ ಏಳು ವರ್ಷದ ಹಿಂದಿನ ಹೊಳೆ ಇದೆ, ಅದರ ತಳ ಕಾಣುತ್ತಿತ್ತು. ಯಂತ್ರಗಳು ಬಂದದ್ದು ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ. ಕೆಂಪು ದಾರದಿಂದ ಸುಮಾರು ಐವತ್ತು ಸೆಂಟಿಮೀಟರು ಲೆಕ್ಕ ಹಾಕಿ. ಬೆರಳಗಲ ಬೆರಳಗಲ ಕತ್ತರಿಸಿ, ಒಂದೊಂದನ್ನೂ ಅಳೆಯಿರಿ. ಪಾದರಸ ಎಲ್ಲಿಂದ ಏರಲು ಶುರುವಾಗುತ್ತದೆಂದು ನೋಡಿ, ಆಮೇಲೆ ಅದು ಕ್ರೀಮಿನದೆಂದು ಹೇಳುವ ಧೈರ್ಯವಿದ್ದರೆ ಬರೆಯಿರಿ.

ಕತ್ತರಿ ಹಿಡಿದವಳು ಯೆಲ್ಫಿರಾ. "ಅಜ್ಜಿ, ಇನ್ನು ಏಳು ವರ್ಷ ಬೇಕು ಮತ್ತೆ ಇಷ್ಟಾಗೋಕೆ," ಎಂದಳು. "ಅಷ್ಟರಲ್ಲಿ ನಿನ್ನ ಮಗಳು ಶಾಲೆಗೆ ಹೋಗ್ತಿರ್ತಾಳೆ," ಎಂದೆ, "ಬಂದು ಹೆಣೀತಾಳೆ, ಕತ್ತರಿಸು."

ಇಂತಿ,
ಒಮ್ಮೆಯೂ ಕ್ರೀಮು ಹಚ್ಚದ, ಒಮ್ಮೆ ಮಾತ್ರ ಸುಳ್ಳು ಹೇಳಿದ, ತಲೆ ಹಗುರವಾಗಿ ಕತ್ತು ಇನ್ನೂ ಒಗ್ಗಿಕೊಳ್ಳದಿರುವ,
ರೋಸ್ಮಾನಿದಾರ್
ನಂಬರು ಏಳು